ಖಾಲಿ ಕೋವಿ

ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರೊಬ್ಬ ಬಂದೂಕಿನ ವಿಷಯವಾಗಿ ಮಾತನಾಡಲು ಧ್ವನಿವರ್ಧಕದ ಮುಂದೆ ಬಂದು ಕುಳಿತರೆ ಕೇಳುವವರಿಗೆ ನಗು ಬಂದೀತು. ಎರಡು ವರ್ಷಗಳ ಹಿಂದೆ ನಮ್ಮ ಜಿಲ್ಲಾ ಕೇಂದ್ರದ ಪೊಲೀಸ್ ಕವಾಯತು ಮೈದಾನದಲ್ಲಿ, ಬೆಳಗಿನ ಮಂಜು ಇನ್ನೂ ಹರಿಯದ ಹೊತ್ತಿನಲ್ಲಿ, ನನ್ನ ವಿದ್ಯಾರ್ಥಿಗಳಿಗಿಂತಲೂ ಕಿರಿಯರಾದವರ ಸಾಲಿನಲ್ಲಿ ನಿಂತು ‘ಸಾವಧಾನ್’ ಎಂಬ ಕೂಗಿಗೆ ಮೈ ಸೆಟೆಸಿದಾಗ ನನಗೂ ಅದು ವಿನೋದವಾಗಿಯೇ ತೋರಿತ್ತು. ನಾಗರಿಕ ಬಂದೂಕು ತರಬೇತಿ ಶಿಬಿರ ಎಂದು ಅದರ ಹೆಸರು. ಜಿಲ್ಲಾ ಪೊಲೀಸರು ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ಅದನ್ನು ನಡೆಸುತ್ತಾರೆ. ‘ಅರ್ಜಿ ಆಹ್ವಾನ’ ಎಂಬ ನಾಲ್ಕು ಸಾಲಿನ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಆ ಸುದ್ದಿಯನ್ನು ಎಷ್ಟೋ ವರ್ಷ ಕಣ್ಣಾಡಿಸಿ ದಾಟಿದವನು ನಾನು. ಈ ಬಾರಿ ದಾಟುವಂತಿರಲಿಲ್ಲ.

ನಮ್ಮದು ತುಂಗಾ ತೀರದ ಮಲೆನಾಡು. ಮನೆಯ ಕೆಳಗೆ ಅಡಕೆ ತೋಟ, ತೋಟದ ಕೆಳಗೆ ಗದ್ದೆ, ಬೆನ್ನಿಗೆ ಕಾಡು. ಇಂಥ ಮನೆಗಳ ಚಾವಡಿಯ ಗೋಡೆಯ ಮೇಲೆ ಒಂದು ಕೋವಿ ತೂಗುವುದು ಗಡಿಯಾರ ತೂಗುವಷ್ಟೇ ಸಹಜ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಅಥವಾ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರಿಗೆ ಆ ಕೋವಿಯ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಷಿಕಾರಿಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಹಂದಿಗೂ ಮಂಗನಿಗೂ ಕಾಯಿದೆ ಓದಲು ಬಾರದು. ಬೆಳೆ ಕಾಯುವ ನೆಪದಲ್ಲಿ, ಗಾಳಿಗೊಂದು ಈಡು ಹಾರಿಸಿ ಗದ್ದಲ ಎಬ್ಬಿಸುವ ಅಗತ್ಯಕ್ಕೆ, ಕೋವಿ ಗೋಡೆಯ ಮೇಲೆ ಉಳಿದುಕೊಂಡಿತು. ಚುನಾವಣೆ ಬಂದಾಗ ಅದನ್ನು ಠಾಣೆಗೆ ಹೊತ್ತು ಒಪ್ಪಿಸುವುದು, ಮುಗಿದ ಮೇಲೆ ಹೊತ್ತು ತರುವುದು, ಅಷ್ಟರಲ್ಲಿ ಹಂದಿ ಗದ್ದೆ ಉತ್ತುಹಾಕಿತೆಂದು ಗೊಣಗುವುದು, ಇವೆಲ್ಲ ನಮ್ಮ ಕಡೆಯ ಸಂಸಾರದ ಮಾತುಗಳು.

ಮನೆಯ ಕೋವಿಯ ಪರವಾನಗಿ ಮೊದಲು ನನ್ನ ತಂದೆಯ ಹೆಸರಿನಲ್ಲಿತ್ತು, ಅನಂತರ ಅಣ್ಣನ ಹೆಸರಿನಲ್ಲಿ. ಅಣ್ಣ ತೀರಿಕೊಂಡ ಮೇಲೆ ಅದನ್ನು ಠಾಣೆಯಲ್ಲಿ ಒಪ್ಪಿಸಿದೆವು. ತೋಟ ನೋಡಿಕೊಳ್ಳಲು ಊರಿಗೆ ಹಿಂದಿರುಗಿದ ನಾನು ಪರವಾನಗಿಗೆ ಅರ್ಜಿ ಹಾಕಿದಾಗ, ತರಬೇತಿಯ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದರು.

ಈ ಕೇಳಿಕೆ ಹಳೆಯದಲ್ಲ. ೧೮೭೮ರಲ್ಲಿ ಲಾರ್ಡ್ ಲಿಟ್ಟನ್ ಆಯುಧ ಕಾಯಿದೆಯನ್ನು ತಂದಾಗ ಸರಕಾರಕ್ಕೆ ಬೇಕಾಗಿದ್ದದ್ದು ಭಾರತೀಯರ ಕೈಯಲ್ಲಿ ಕೋವಿ ಇರಬಾರದು ಎಂಬುದು. ಇದ್ದವನಿಗೆ ಅದನ್ನು ಹಿಡಿಯಲು ಬರುತ್ತದೆಯೇ ಎಂಬುದಲ್ಲ. ಅದೇ ವರ್ಷ ಅದೇ ಲಿಟ್ಟನ್ ದೇಶಭಾಷೆಗಳ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಯನ್ನೂ ತಂದ. ಲೇಖನಿಗೂ ಕೋವಿಗೂ ಒಂದೇ ವರ್ಷದಲ್ಲಿ ಬೀಗ ಹಾಕಿದ ಈತ ಸ್ವತಃ ಕವಿ. ಓವೆನ್ ಮೆರೆಡಿತ್ ಎಂಬ ಹೆಸರಿನಲ್ಲಿ ಕಾವ್ಯ ಬರೆದವನು! ಪತ್ರಿಕೆಗಳ ಬೀಗ ಕೆಲವೇ ವರ್ಷಗಳಲ್ಲಿ ಕಳಚಿತು. ಆಯುಧ ಕಾಯಿದೆ ಮಾತ್ರ ಸ್ವಾತಂತ್ರ್ಯ ಬಂದ ಮೇಲೂ ನಡೆದುಕೊಂಡು ಬಂದು, ೧೯೫೯ರ ನಮ್ಮದೇ ಕಾಯಿದೆಗೆ ಸ್ಥಳ ಬಿಟ್ಟುಕೊಟ್ಟಿತು. ಪರವಾನಗಿ ಬಯಸುವವನು ಸುರಕ್ಷತೆಯ ಪಾಠ ಕಲಿತಿರಬೇಕು ಎಂದು ವಿಧಿಸಿದ್ದು ೨೦೧೬ರ ಆಯುಧ ನಿಯಮಗಳು. ಹಿಡಿಯುವ ರೀತಿ, ಹಾರಿಸುವ ಕ್ರಮ, ಶುಚಿ ಮಾಡುವುದು, ಭದ್ರವಾಗಿ ಇಡುವುದು, ಸಾಗಿಸುವುದು, ಕಾಯಿದೆಯ ತಿಳಿವಳಿಕೆ ಎಲ್ಲವೂ ಆ ಪಾಠದೊಳಗೆ ಸೇರುತ್ತವೆ.

ಕೊಡಗಿನ ಮಾತು ಬೇರೆ. ಮಾರ್ಕ್ ಕಬ್ಬನ್ ೧೮೬೧ರಲ್ಲಿ ಕೊಟ್ಟ ವಿನಾಯಿತಿ ರೂಪಾಂತರಗಳೊಡನೆ ಇಂದಿಗೂ ಉಳಿದಿದೆ. ಕೇಂದ್ರ ಸರಕಾರ ೨೦೧೯ರಲ್ಲಿ ಅದನ್ನು ೨೦೨೯ರ ವರೆಗೆ ಮುಂದುವರಿಸಿತು, ೨೦೨೧ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ; ನಳಿಗೆಯ ಬಾಯಿಗೆ ‘ತೋಕ್ ಪೂ’, ಎಂದರೆ ಕೋವಿಯ ಹೂವೆಂದೇ ಹೆಸರಾದ ಕೆಂಪು ಹಳದಿಯ ಬೆಂಕಿಹೂ. ಅನಂತರ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಹಿರಿಯರ ಕಣ್ಣೆದುರಿನಲ್ಲಿ ಊರಿಗೆ ಊರೇ ಸೇರಿ ನಡೆಯುವ ಆ ಪಂದ್ಯವೂ ಒಂದು ಬಗೆಯ ಶಾಲೆಯೇ. ನಮ್ಮ ಕಡೆ ಅಂಥದೇನೂ ಇರಲಿಲ್ಲ. ನಮಗಿದ್ದದ್ದು ಆಯುಧಪೂಜೆ ಮಾತ್ರ: ವರ್ಷಕ್ಕೊಮ್ಮೆ ಕೋವಿಯನ್ನು ಕೆಳಗಿಳಿಸಿ, ಕತ್ತಿ ಕುಡುಗೋಲುಗಳ ಪಕ್ಕದಲ್ಲಿ ಮಣೆಯ ಮೇಲಿಟ್ಟು, ಗಂಧ ಕುಂಕುಮ ಹಚ್ಚಿ, ಮತ್ತೆ ಗೋಡೆಗೆ ಏರಿಸುವುದು.

ಶಿಬಿರದಲ್ಲಿ ನಾವು ಸುಮಾರು ಐವತ್ತು ಮಂದಿ ಇದ್ದೆವು. ಹೆಚ್ಚಿನವರು ತೋಟದವರು. ಬ್ಯಾಂಕಿನ ಕಾವಲಿನ ಕೆಲಸಕ್ಕೆ ಅರ್ಜಿ ಹಾಕಿದ ಇಬ್ಬರು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ನೋಡಿ ಉತ್ಸಾಹಗೊಂಡ ಕಾಲೇಜು ಹುಡುಗಿಯರು ಮೂವರು. ಕಾಫಿ ತೋಟದ ಒಂಟಿ ಮನೆಯಲ್ಲಿ ವಾಸಿಸುವ, ನನ್ನದೇ ವಯಸ್ಸಿನ ಗೃಹಿಣಿಯೊಬ್ಬರು. ಕಲಿಸಿದವರು ಮೀಸಲು ಪಡೆಯ ಒಬ್ಬ ಹವಾಲ್ದಾರರು, ವಿಜಾಪುರದ ಕಡೆಯವರು. ನಾನು ಕಂಡ ಒಳ್ಳೆಯ ಅಧ್ಯಾಪಕರಲ್ಲಿ ಅವರೊಬ್ಬರು ಎಂದು ವಿಶ್ವವಿದ್ಯಾನಿಲಯಗಳನ್ನು ಕಂಡವನಾಗಿ ಹೇಳುತ್ತೇನೆ. ಮೊದಲ ಮೂರು ದಿನ ಅವರು ನಮ್ಮ ಕೈಗೆ ಒಂದು ಗುಂಡನ್ನೂ ಕೊಡಲಿಲ್ಲ. ಕೋವಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದನ್ನೇ ಮತ್ತೆ ಮತ್ತೆ ಮಾಡಿಸಿದರು. ಕೊಡುವವನು ತೆರೆದು, ತೋರಿಸಿ ಕೊಡಬೇಕು. ಅವನು ತೋರಿಸಿದ್ದನ್ನು ತೆಗೆದುಕೊಳ್ಳುವವನು ನಂಬದೆ ತಾನೂ ನೋಡಬೇಕು.

“ಖಾಲಿ ಐತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ನಾ ಹೇಳಿದ್ರೂ ನಂಬಬ್ಯಾಡ್ರಿ. ಕಣ್ಲೆ ನೋಡ್ರಿ, ಕತ್ತಲಿದ್ರ ಬೆರಳು ಹಾಕಿ ಮುಟ್ಟಿ ನೋಡ್ರಿ” ಎಂದರು. ನಂಬಿಕೆಯನ್ನು ಸದ್ಗುಣವೆಂದು ಜೀವಮಾನವೆಲ್ಲ ಬೋಧಿಸಿದ ನನಗೆ ಈ ಪಾಠ ರುಚಿಸಲು ಹೊತ್ತು ಹಿಡಿಯಿತು.

ಅವರು ಹೇಳಿದ ನಿಯಮಗಳು ನಾಲ್ಕೇ. ಯಾವ ಕೋವಿಯನ್ನೂ ತುಂಬಿದ ಕೋವಿಯೆಂದೇ ಎಣಿಸು. ಸುಡಲು ಮನಸ್ಸಿಲ್ಲದುದರ ಕಡೆಗೆ ನಳಿಗೆಯ ಬಾಯನ್ನು ತಿರುಗಿಸಬೇಡ. ಗುರಿ ನಿಲ್ಲುವ ತನಕ ಬೆರಳನ್ನು ಟ್ರಿಗರಿನಿಂದ ಹೊರಗಿಡು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದನ್ನು ಅರಿ. ಜೆಫ್ ಕೂಪರ್ ಎಂಬ ಅಮೆರಿಕದ ಮಾಜಿ ಸೈನ್ಯಾಧಿಕಾರಿ ೧೯೭೬ರಲ್ಲಿ ಅರಿಜೋನಾ ಪ್ರಾಂತದಲ್ಲಿ ಬಂದೂಕಿನ ಶಾಲೆ ತೆರೆದು, ಸಾಮಾನ್ಯ ನಾಗರಿಕರಿಗೂ ಕಲಿಸುತ್ತ ಈ ನಾಲ್ಕು ಮಾತುಗಳನ್ನು ಪ್ರಚಾರಕ್ಕೆ ತಂದನೆಂದು ಆಮೇಲೆ ಓದಿ ತಿಳಿದೆ. ಆ ದೇಶದಲ್ಲಿ ಕೋವಿಗಳು ಎಷ್ಟು, ಅವುಗಳಿಂದ ಆಗುವ ಅನಾಹುತಗಳು ಎಷ್ಟು ಎಂಬುದನ್ನು ಬಲ್ಲವರು, ಅಲ್ಲಿಂದ ಕಲಿಯುವುದೇನು ಎಂದು ಕೇಳಬಹುದು. ಜನರೆಲ್ಲ ಕೋವಿ ಹಿಡಿಯಬೇಕೆಂಬ ಪಕ್ಷದವನು ನಾನಲ್ಲ. ಕಡಿಮೆ ಇದ್ದಷ್ಟೂ ಕ್ಷೇಮ ಎಂಬುದೇ ನನ್ನ ಮತ. ಆದರೆ ಮನೆಯ ಗೋಡೆಯ ಮೇಲೆ ಒಂದು ಇದ್ದೇ ಇದೆಯೆಂದ ಮೇಲೆ, ಅದರ ಕೆಳಗೆ ಓಡಾಡುವವರಿಗೆ ಅದರ ಸ್ವಭಾವ ತಿಳಿದಿರಬೇಡವೆ?

ನಾಲ್ಕನೆಯ ನಿಯಮದ ದಿನ ನನ್ನೊಳಗಿನ ಕನ್ನಡ ಮೇಷ್ಟ್ರು ಎಚ್ಚೆತ್ತ. ದ್ರೋಣರ ಪರೀಕ್ಷೆಯ ಕಥೆ ಯಾರಿಗೆ ಗೊತ್ತಿಲ್ಲ? ಮರದ ಮೇಲೆ ಕೃತಕ ಪಕ್ಷಿ. ಏನು ಕಾಣುತ್ತದೆ ಎಂದು ಗುರುಗಳು ಒಬ್ಬೊಬ್ಬ ಶಿಷ್ಯನನ್ನೂ ಕೇಳುತ್ತಾರೆ. ಮರವನ್ನೂ ನಿಮ್ಮನ್ನೂ ಅಣ್ಣತಮ್ಮಂದಿರನ್ನೂ ಕಾಣುತ್ತೇನೆ ಎಂದ ಧರ್ಮರಾಯ ಅನುತ್ತೀರ್ಣ. ಹಕ್ಕಿಯಲ್ಲದೆ ಬೇರೇನೂ ಕಾಣದು ಎಂದ ಅರ್ಜುನ ಪ್ರಥಮ. ಏಕಾಗ್ರತೆಗೆ ನಿದರ್ಶನವಾಗಿ ಈ ಕಥೆಯನ್ನು ನಾನು ಎಷ್ಟು ತರಗತಿಗಳಲ್ಲಿ ಹೇಳಿಲ್ಲ! ಹವಾಲ್ದಾರರ ಶಾಲೆಯಲ್ಲಾದರೋ ಫಲಿತಾಂಶ ತಿರುಗುಮುರುಗು. ಹಕ್ಕಿಯ ಹಿಂದೆ ಮರ, ಮರದ ಹಿಂದೆ ಬೇಲಿ, ಬೇಲಿಯಾಚೆ ದನ ಕಾಯುವ ಹುಡುಗ, ಇಷ್ಟನ್ನೂ ಕಂಡ ಧರ್ಮರಾಯನೇ ಅಲ್ಲಿ ತೇರ್ಗಡೆ. ೦.೨೨ ಎಂಬ ಸಣ್ಣ ರೈಫಲ್ಲಿನ ಗುಂಡು ಹುರುಳಿಕಾಳಿಗಿಂತ ತುಸು ದಪ್ಪ. ತಡೆಯಿಲ್ಲದೆ ಹೋದರೆ ಒಂದು ಕಿಲೋಮೀಟರನ್ನು ದಾಟಿ ಹೋಗಬಲ್ಲುದು. ಅಷ್ಟು ದೂರವನ್ನು ಯಾವ ಏಕಾಗ್ರತೆ ನೋಡೀತು? ದ್ರೋಣರ ಪರವಾಗಿ ಒಂದು ಮಾತು ಹೇಳಬೇಕು: ಅವರು ಇಟ್ಟದ್ದು ಮರದ ಹಕ್ಕಿಯನ್ನು, ಅದೂ ಬಾಣದ ಕಾಲದಲ್ಲಿ.

ಆ ರಾತ್ರಿ ಇದನ್ನೇ ನೆನೆಯುತ್ತಿದ್ದಂತೆ ಇನ್ನೊಂದು ಹೊಳೆಯಿತು. ದಶರಥ ಶಬ್ದವೇಧಿ. ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ಬಾಣ ಬಿಟ್ಟ. ಸತ್ತವನು ಕುರುಡು ತಂದೆತಾಯಿಗಳ ಮಗ. ಪಾಂಡು ಜಿಂಕೆಯೆಂದು ಹೊಡೆದದ್ದು ಜಿಂಕೆಯ ರೂಪದಲ್ಲಿದ್ದ ಋಷಿಯನ್ನು. ಕೊನೆಗೆ ಕೃಷ್ಣನನ್ನು ಬೀಳಿಸಿದ್ದು ಕೂಡ, ಪಾದವನ್ನು ಜಿಂಕೆಯೆಂದು ತಿಳಿದ ಒಬ್ಬ ಬೇಡನ ಬಾಣವೇ. ಈ ಮೂವರಲ್ಲಿ ಒಬ್ಬನಾದರೂ ಗುರಿ ತಪ್ಪಿದವನಲ್ಲ. ಮೂವರೂ ಗುರಿಕಾರರು, ಮೂವರ ಬಾಣಗಳೂ ಬಿಟ್ಟಲ್ಲಿಗೇ ಹೋಗಿ ತಾಗಿದುವು. ತಾಗಿಸುವ ವಿದ್ಯೆ ಅವರಿಗೆ ಕಡಮೆಯಾಗಿರಲಿಲ್ಲ. ನಮ್ಮ ಮಹಾಕಾವ್ಯಗಳು ಇದನ್ನು ಇಷ್ಟು ಬಾರಿ ಹೇಳಿದ್ದರೂ ನಾವು ಅದನ್ನು ವಿಧಿ, ಶಾಪ ಎಂಬ ತಲೆಬರಹಗಳ ಕೆಳಗೆ ಸೇರಿಸಿ ಪಾಠ ಮಾಡಿದೆವು. ನಾನಂತೂ ಹಾಗೆಯೇ ಮಾಡಿದೆ.

ನನ್ನ ಸರದಿ ಐದನೆಯ ದಿನ ಬಂತು. ನೆಲಕ್ಕೆ ಹಾಸಿದ ಗೋಣಿಯ ಮೇಲೆ ಬೋರಲಾಗಿ ಮಲಗಿ, ರೈಫಲ್ಲಿನ ಹಿಂಬದಿಯನ್ನು ಭುಜಕ್ಕೆ ಒತ್ತಿ, ಉಸಿರನ್ನು ಅರ್ಧ ಬಿಟ್ಟು ಅರ್ಧ ಹಿಡಿದು ಐದು ಗುಂಡು ಹಾರಿಸಿದೆ. ಕನ್ನಡಕದ ಕಣ್ಣಿಗೆ ಫಲಕದ ಕಪ್ಪು ವೃತ್ತ ಒಮ್ಮೆ ಕಂಡು ಒಮ್ಮೆ ಕರಗುತ್ತಿತ್ತು. ಆದರೂ ದೂರದರ್ಶಕ ಹಿಡಿದು ನೋಡುತ್ತಿದ್ದ ಪೇದೆ, ನಾಲ್ಕು ಒಳಗೆ ಬಿದ್ದಿವೆ ಎಂದು ಕೂಗಿ ಹೇಳಿದ. ಅರವತ್ತು ದಾಟಿದವನಿಗೆ ಏನಾಯಿತೋ ಕಾಣೆ. ಹತ್ತು ವರ್ಷದ ಹುಡುಗನಂತೆ ಮೊಣಕಾಲ ಮೇಲೆ ಎದ್ದು, ರೈಫಲ್ ಕೈಯಲ್ಲಿರುವಂತೆಯೇ, ಹಿಂದೆ ನಿಂತ ಗುರುಗಳ ಕಡೆಗೆ ಹೆಮ್ಮೆಯಿಂದ ತಿರುಗಿದೆ. ನಳಿಗೆ ನನ್ನೊಡನೆ ತಿರುಗಿತು. ಪಕ್ಕದಲ್ಲಿ ಮಲಗಿದ್ದ ಕಾಲೇಜು ಹುಡುಗಿಯ ತಲೆಯ ಮೇಲಿನಿಂದ ಹಾದು ಅದು ಮುಂದೆ ಬರುವಷ್ಟರಲ್ಲಿ ಹವಾಲ್ದಾರರ ಕೈ ನಳಿಗೆಯನ್ನು ಹಿಡಿದು ನೆಲಕ್ಕೆ ಅದುಮಿತ್ತು.

“ಗುಂಡು ಹತ್ಯಾವ, ಸರ್. ನೀವು ಮಾತ್ರ ಫೇಲ್” ಎಂದರು, ದನಿ ಏರಿಸದೆ.

ಅದು ಖಾಲಿಯಾಗಿತ್ತು, ಐದೂ ಮುಗಿದಿದ್ದವು ಎಂದು ನಾನು ತೊದಲಿದೆ. ಅವರು ಉತ್ತರ ಕೊಡಲಿಲ್ಲ. ಉತ್ತರ ಬೇಕಾಗಿಯೂ ಇರಲಿಲ್ಲ. ಅದೇ ಮಾತನ್ನು ಅದೇ ದನಿಯಲ್ಲಿ ನಾನು ಹಿಂದೆ ಒಮ್ಮೆ ಆಡಿದ್ದೆ.

ಅದು ೧೯೭೧ರ ಮಹಾನವಮಿಯ ದಿನ. ನನಗೆ ಹನ್ನೊಂದು ವರ್ಷ. ನಮ್ಮ ಕೋವಿ ಒಂಟಿನಳಿಗೆಯ ಕೇಪಿನ ಕೋವಿ. ಈಗಿನವರಿಗೆ ಅದರ ರೀತಿಯನ್ನು ವಿವರಿಸಬೇಕು. ಅದಕ್ಕೆ ತೋಟಾ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ಕತ್ತವನ್ನು ಸಲಾಕೆಯಿಂದ ಜಡಿದು, ಅದರ ಮೇಲೆ ಚರೆ ಹಾಕಿ, ಮತ್ತೆ ಕತ್ತ ಜಡಿಯಬೇಕು. ಹಿಂಬದಿಯ ಮೊಲೆಯಂಥ ತುದಿಗೆ ಒಂದು ಪುಟ್ಟ ಕೇಪು ತೊಡಿಸಿದರೆ, ನಮ್ಮ ಕಡೆ ಕುದುರೆ ಎನ್ನುವ ಸುತ್ತಿಗೆ ಬಂದು ಅದನ್ನು ಬಡಿದಾಗ ಕಿಡಿ ಹುಟ್ಟುತ್ತದೆ. ಒಮ್ಮೆ ತುಂಬಿದ ಇಂಥ ಕೋವಿಯನ್ನು ಹಾರಿಸದೆ ಖಾಲಿ ಮಾಡುವುದು ದೊಡ್ಡ ರಗಳೆ. ಆದುದರಿಂದ ರಾತ್ರಿ ಹಂದಿ ಕಾಯಲು ಹೋಗಿ ಬರಿಗೈಯಲ್ಲಿ ಹಿಂದಿರುಗಿದವರು ಕೇಪನ್ನು ಮಾತ್ರ ತೆಗೆದು, ಈಡನ್ನು ಒಳಗೇ ಬಿಟ್ಟು, ಕೋವಿಯನ್ನು ಗೋಡೆಗೆ ತೂಗಿಹಾಕುತ್ತಿದ್ದರು. ಕೇಪಿಲ್ಲದ ಕೋವಿ ಖಾಲಿ ಕೋವಿ ಎಂಬುದು ಮನೆಯ ಮಾತು.

ಪೂಜೆ ಮುಗಿದಿತ್ತು. ಹಿರಿಯರು ಊಟಕ್ಕೆ ಕುಳಿತಿದ್ದರು. ನಮ್ಮ ಗೇಣಿ ಗದ್ದೆ ಮಾಡುತ್ತಿದ್ದವರ ಮಗ, ನನ್ನ ಓರಗೆಯವನು, ಎಲೆಯಡಕೆ ಹಣ್ಣುಕಾಯಿ ಒಯ್ಯಲು ಬಂದು ಅಂಗಳದಲ್ಲಿ ನಿಂತಿದ್ದ. ಅವನಿಗೆ ನನ್ನ ದೊಡ್ಡಸ್ತಿಕೆ ತೋರಿಸಬೇಕಾಗಿತ್ತು. ಗೂಡಿನಲ್ಲಿದ್ದ ಡಬ್ಬಿಯಿಂದ ಒಂದು ಕೇಪು ತೆಗೆದು ತೊಡಿಸಿದೆ. ಚಟ್ ಎಂಬ ಸದ್ದೊಂದು ಆಗುತ್ತದೆ, ಅಷ್ಟೇ ಎಂದು ನನ್ನ ಎಣಿಕೆ. ಗಂಧ ಹಚ್ಚಿದ ನಳಿಗೆಯನ್ನು ಅವನ ಕಡೆ ಹಿಡಿದೆ. ಬೇಡ ಎಂದ. “ಖಾಲಿ ಕಣೋ” ಎಂದೆ.

ಚರೆ ಬಹುಪಾಲು ನೆಲಕ್ಕೆ ಹೋಯಿತು. ಉಳಿದದ್ದು ಅವನ ಎಡಗಾಲಿನ ಮೊಣಕಾಲ ಕೆಳಗೆ. ಪಂಡಿತರು ಬಂದರು, ಮರುದಿನ ಗಾಡಿಯಲ್ಲಿ ಪೇಟೆಯ ಡಾಕ್ಟರಲ್ಲಿಗೆ ಒಯ್ದರು. ಕೊಳೆಮುಳ್ಳಿನ ಮೇಲೆ ಬಿದ್ದನೆಂದು ಅಲ್ಲಿ ಹೇಳಿದರಂತೆ. ಆ ಡಾಕ್ಟರು ನಂಬಿದರೋ ಸುಮ್ಮನಾದರೋ. ನಮ್ಮ ಮನೆಯಿಂದ ಅಕ್ಕಿ ಹೋಯಿತು, ಒಂದಿಷ್ಟು ಹಣ ಹೋಯಿತು, ಮಾತು ಹೋಗಲಿಲ್ಲ. ಅವನ ಕಾಲು ಮೊದಲಿನಂತೆ ಆಗಲಿಲ್ಲ. ೧೯೭೪ರ ಭೂಸುಧಾರಣೆಯಲ್ಲಿ ಆ ಗದ್ದೆ ಅವರದೇ ಆಯಿತು. ಅದು ಕಾಯಿದೆ ಕೊಟ್ಟದ್ದು, ನಾವು ಕೊಟ್ಟದ್ದಲ್ಲ. ನಮ್ಮ ತಂದೆ ನನ್ನನ್ನು ಹೊಡೆಯಲಿಲ್ಲ. ಈ ವಿಷಯವನ್ನು ಇನ್ನು ಯಾರೂ ಎತ್ತಕೂಡದು ಎಂದರು. ಯಾರೂ ಎತ್ತಲಿಲ್ಲ. ಕೋವಿಯೂ ಗೋಡೆಯನ್ನು ಬಿಟ್ಟು ಇಳಿಯಲಿಲ್ಲ. ಮುಂದಿನ ವರ್ಷ ಮತ್ತೆ ಅದಕ್ಕೆ ಗಂಧ ಹಚ್ಚಿದರು.

ಶಿಬಿರ ಮುಗಿಯುವ ದಿನ, ಕೇಪಿನ ಕೋವಿ ತುಂಬಿದೆಯೋ ಖಾಲಿಯೋ ಎಂದು ತಿಳಿಯುವ ಬಗೆ ಹೇಗೆ ಎಂದು ಹವಾಲ್ದಾರರನ್ನು ಕೇಳಿದೆ. ಅವರು ಪ್ರಾಮಾಣಿಕರು. “ಅಂಥಾದು ನಾ ಕೈಯಾಗ ಹಿಡಿದಾಂವಲ್ಲ, ಸರ್. ನಿಮ್ಮೂರಾಗ ದಿನಾ ಹಿಡಿಯಾವ್ರನ್ನ ಕೇಳ್ರಿ” ಎಂದರು. ನಮ್ಮೂರಿನಲ್ಲಿ ದಿನಾ ಹಿಡಿಯುವವನು ಒಬ್ಬನೇ. ಮಂಗನ ಕಾಟಕ್ಕೆಂದು ತನ್ನ ಹೆಸರಿನಲ್ಲಿಯೇ ಪರವಾನಗಿ ಮಾಡಿಸಿ, ಕುಂಟುತ್ತಲೇ ತನ್ನ ತೋಟವನ್ನು ನಲವತ್ತು ವರ್ಷ ಕಾದವನು.

ಪರವಾನಗಿ ಬರಲು ಮತ್ತೆ ಕೆಲವು ತಿಂಗಳು ಹಿಡಿಯಿತು. ಠಾಣೆಯಿಂದ ಕೋವಿಯನ್ನು ಬಿಡಿಸಿಕೊಂಡಾಗ, ಒಪ್ಪಿಸಿದ ದಿನದ ರಸೀತಿಯಲ್ಲಿ ‘ಖಾಲಿ’ ಎಂದು ಬರೆದಿತ್ತು. ಬರೆದವರನ್ನು ದೂರಲಾರೆ, ನಾವೇ ಹಾಗೆ ಹೇಳಿ ಒಪ್ಪಿಸಿದ್ದೆವು. ಅದನ್ನು ಮನೆಗೆ ಒಯ್ಯದೆ ನೇರವಾಗಿ ಅವನ ಮನೆಯ ಜಗಲಿಗೆ ಹೋದೆ. ಊರಿಗೆ ಬಂದಾಗಲೆಲ್ಲ ದಾರಿಯಲ್ಲಿ ಮಾತನಾಡಿಸಿದ್ದುಂಟು. ಕೋವಿಯ ಮಾತು ಮಾತ್ರ ನಮ್ಮಿಬ್ಬರ ನಡುವೆ ಐವತ್ತು ವರ್ಷಗಳಿಂದ ಬಂದಿರಲಿಲ್ಲ. ಬಂದ ಕಾರಣವನ್ನು ಹೇಳಿದೆ. ಅವನು ಸಲಾಕೆಯನ್ನು ಕೈಗೆತ್ತಿಕೊಂಡು, ಮೊದಲು ನಳಿಗೆಯ ಹೊರಮೈಗೆ ಉದ್ದಕ್ಕೆ ಹಿಡಿದು, ಬಾಯಿಯ ಮಟ್ಟಕ್ಕೆ ಬರುವಲ್ಲಿ ಉಗುರಿನಿಂದ ಗುರುತು ಮಾಡಿದ.

“ಇಷ್ಟು ಒಳಗೆ ಹೋಗ್ಬೇಕು, ಮೇಷ್ಟ್ರೇ. ಹೋದ್ರೆ ಖಾಲಿ. ಬೇರೆ ಯಾವ ಸಾಕ್ಷೀನೂ ಬ್ಯಾಡ.”

ನಳಿಗೆಯನ್ನು ಗದ್ದೆಯ ಕಡೆಯ ದರೆಗೆ ತಿರುಗಿಸಿ, ತಾನು ಪಕ್ಕಕ್ಕೆ ಸರಿದು, ಸಲಾಕೆಯನ್ನು ಬಿಟ್ಟ. ಗುರುತು ನಾಲ್ಕು ಬೆರಳು ಮೇಲೆಯೇ ನಿಂತಿತು. ತೆಗೆದು ಮತ್ತೆ ಬಿಟ್ಟ. ಅಲ್ಲಿಯೇ ನಿಂತಿತು.

ಅಣ್ಣ ತುಂಬಿದ ಈಡು. ೧೯೭೧ರ ದಿನ ಅವನೂ ಆ ಮನೆಯಲ್ಲಿಯೇ ಊಟಕ್ಕೆ ಕುಳಿತಿದ್ದವನು. ತಂದೆಯಂತೆಯೇ ಕೇಪು ತೆಗೆದು ಗೋಡೆಗೆ ತೂಗಿಹಾಕಿದ್ದ. ಬೇಸಗೆಯ ರಜೆಗೆ ಬಂದ ಮೊಮ್ಮಕ್ಕಳು ಅದರ ಕೆಳಗೆ ಚೆಂಡಾಡಿದ್ದರು. ಆಮೇಲೆ ಅದು ಒಂದೂವರೆ ವರ್ಷ ಠಾಣೆಯ ಕಪಾಟಿನಲ್ಲಿ, ಖಾಲಿ ಎಂಬ ಚೀಟಿಯೊಡನೆ ನಿಂತಿತ್ತು.

ನನ್ನ ಗೆಳೆಯ ಏನೂ ಹೇಳದೆ ಒಳಗೆ ಹೋಗಿ ಚೊಂಬು ತಂದು, ನಳಿಗೆಗೆ ನೀರು ಹುಯ್ದು, ಮದ್ದು ನೆನೆಯಲೆಂದು ಕೋವಿಯನ್ನು ಬಾಯಿ ಮೇಲಾಗಿ ಜಗಲಿಯ ಮೂಲೆಯಲ್ಲಿ ಕಟ್ಟಿ ನಿಲ್ಲಿಸಿದ. ನಾನು ಅಂದು ಅಲ್ಲಿಯೇ ಉಳಿದೆ. ಮರುದಿನ ಬೆಳಗ್ಗೆ ಸಲಾಕೆಯ ತುದಿಗೆ ತಿರುಪು ಸಿಕ್ಕಿಸಿ, ತಿರುವಿ ತಿರುವಿ ಕತ್ತವನ್ನು ಎಳೆದ. ಅಣ್ಣನ ಕೈ ಜಡಿದ ಕತ್ತ ಎಳೆಎಳೆಯಾಗಿ ಹೊರಗೆ ಬಂತು. ಅನಂತರ ಕೋವಿಯನ್ನು ಬಗ್ಗಿಸಿದಾಗ ಚರೆಗಳು ಹಳೆಯ ಪತ್ರಿಕೆಯ ಮೇಲೆ ಉರುಳಿದುವು. ಕೊನೆಯಲ್ಲಿ ಮದ್ದು, ಕರಿಯ ಕೆಸರಾಗಿ. ಸಲಾಕೆಯನ್ನು ಮತ್ತೆ ಬಿಟ್ಟ. ಈ ಬಾರಿ ಗುರುತು ಬಾಯಿಗೆ ಸರಿಯಾಗಿ ಬಂದು ನಿಂತಿತು. ನನ್ನ ಕೈಗೆ ಕೊಟ್ಟು, ನೀವೂ ಬಿಟ್ಟು ನೋಡಿ ಎಂದ. ನೋಡಿದೆ.

ನಾನು ಸುಮ್ಮನಿರಲಾರದೆ ಚರೆಗಳನ್ನು ಎಣಿಸುತ್ತಿದ್ದೆ. ಆಡಬೇಕಾದ ಮಾತು ಗಂಟಲಿನಲ್ಲಿತ್ತು. ಎಣಿಕೆ ಅದಕ್ಕೊಂದು ಮರೆ. ಹತ್ತೊಂಬತ್ತು ಎಂದೆ. ಅವನು ಒಂದನ್ನು ಬೆರಳಲ್ಲಿ ಎತ್ತಿ ಹೊರಳಿಸಿ ನೋಡಿ, ತನ್ನ ಎಡಗಾಲಿನ ಮೀನಖಂಡವನ್ನು ಒತ್ತಿ ಮುಟ್ಟಿಕೊಂಡ.

“ಒಂದು ಇನ್ನೂ ಇಲ್ಲೇ ಉಂಟು, ಮೇಷ್ಟ್ರೇ. ಅದನ್ನೂ ಸೇರಿಸ್ಕೊಳ್ಳಿ” ಎಂದು ಹೇಳಿ, ಒಳಗೆ ಕಾಫಿಗೆ ಕೂಗಿದ.